ಕಿವಿಚಿಪ್ಪಿನ ಬೆಲೆ

ಪದವಿಯ ಕೊನೆಯ ವರ್ಷದಲ್ಲಿರುವ ವಿದ್ಯಾರ್ಥಿಯೊಬ್ಬನು ಕಾಲೇಜಿನ ವಾರ್ಷಿಕ ಸಂಚಿಕೆಗೆ ಬರೆಯಹೊರಟರೆ ದೇಶದ ಭವಿಷ್ಯವನ್ನೋ, ವಿದ್ಯಾರ್ಥಿಜೀವನದ ಶಿಸ್ತನ್ನೋ ಕುರಿತು ಬರೆಯುವುದು ವಾಡಿಕೆ. ನಾನು ಒಂದು ಚಿಪ್ಪನ್ನು ಕುರಿತು ಬರೆಯುತ್ತಿದ್ದೇನೆ. ವಿಷಯ ಚಿಕ್ಕದೆಂದು ಗುರುಗಳಾಗಲಿ ಸಹಪಾಠಿಗಳಾಗಲಿ ಪುಟ ಮಗುಚಬಾರದೆಂದು ಕೋರಿಕೆ. ಈ ಚಿಪ್ಪಿನ ಮುಂದೆ ನನ್ನ ಹದಿನೈದು ವರ್ಷದ ಓದು ಒಮ್ಮೆ ತಲೆ ತಗ್ಗಿಸಿ ನಿಂತಿದೆ.

ನಮ್ಮ ಊರು ಗೋಕರ್ಣ. ಕಡಲತೀರಕ್ಕೆ ಇಳಿಯುವ ದಾರಿಯಲ್ಲಿ ನನ್ನ ತಾಯಿಯದೊಂದು ಚಿಪ್ಪಿನ ಅಂಗಡಿಯಿದೆ. ಅಂಗಡಿಯೆಂದರೆ ಎರಡು ಬೆಂಚು, ಮೇಲೊಂದು ತಾಡಪತ್ರಿ. ಶಂಖ, ಕವಡೆ, ಚಿಪ್ಪಿನ ಸರ, ಕನ್ನಡಿಯ ಸುತ್ತ ಅಂಟಿಸಿದ ಚಿಪ್ಪಿನ ಹೂವು ಇವೇ ಸರಕು. ಯಾತ್ರಿಕರು “ಇವೆಲ್ಲ ಇಲ್ಲಿಯ ಕಡಲಿನವೇ ತಾನೇ?” ಎಂದು ಕೇಳುತ್ತಾರೆ. ತಾಯಿ ಹೂಂ ಎನ್ನುವುದೂ ಇಲ್ಲ, ಇಲ್ಲ ಎನ್ನುವುದೂ ಇಲ್ಲ, ಸುಮ್ಮನೆ ನಗುತ್ತಾಳೆ. ವಾಸ್ತವವಾಗಿ ಅವುಗಳಲ್ಲಿ ಬಹುಪಾಲು ರಾಮೇಶ್ವರ, ಕನ್ಯಾಕುಮಾರಿಗಳ ಕಡೆಯಿಂದ ಮೂಟೆಗಟ್ಟಲೆ ಬರುವಂಥವು. ನಮ್ಮ ಅಘನಾಶಿನಿ ಕೊಡುವುದು ಬೆಳಚು. ಅದರ ಮಾಂಸವನ್ನು ನಾವು ತಿನ್ನುತ್ತೇವೆ, ಚಿಪ್ಪು ಸುಣ್ಣಕ್ಕೆ ಹೋಗುತ್ತದೆ. ಅದನ್ನು ಯಾರೂ ಕನ್ನಡಿಗೆ ಅಂಟಿಸುವುದಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನನ್ನ ಫೀಸು, ಬಸ್ಸಿನ ಪಾಸು, ಪುಸ್ತಕ ಎಲ್ಲವೂ ಆ ಎರಡು ಬೆಂಚುಗಳ ಮೇಲಿನಿಂದಲೇ ಬಂದಿವೆ.

ಮಾರುವ ಸರಕಿಗೆ ಸೇರದ ಒಂದು ಚಿಪ್ಪು ನಮ್ಮ ದೇವರ ಗೂಡಿನಲ್ಲಿದೆ. ಸೋದರಮಾವ ಹಡಗಿನಲ್ಲಿ ಕೆಲಸಕ್ಕಿದ್ದಾಗ ನ್ಯೂಜಿಲೆಂಡಿನ ಒಂದು ಬಂದರಿನಿಂದ ತಂದು ತಂಗಿಗೆ ಕೊಟ್ಟದ್ದು. ಅಂಗೈಯಗಲ, ಒಳಮೈ ನವಿಲಿನ ಕತ್ತನ್ನು ನೆನಪಿಗೆ ತರುವ ನೀಲಿ ಹಸುರು, ಅಲ್ಲಲ್ಲಿ ನೇರಿಳೆ, ನಡುವೆ ಕಾಡಿಗೆ ಎಳೆದಂಥ ಗೆರೆಗಳು. ಆಕಾರ ಮನುಷ್ಯನ ಕಿವಿಯದು. ಆದ್ದರಿಂದ ತಾಯಿ ಅದನ್ನು ಕಿವಿಚಿಪ್ಪು ಎಂದು ಕರೆದಳು. ಅಂಚಿನಲ್ಲಿ ಸಾಲಾಗಿರುವ ತೂತುಗಳಿಂದ ಕುಂಕುಮ ಸೋರುತ್ತದೆಂದು ಅವಕ್ಕೆ ಜೇನುಮೇಣ ಮೆತ್ತಿ, ಕುಂಕುಮದ ಬಟ್ಟಲು ಮಾಡಿಕೊಂಡಳು.

ಕಳೆದ ಶಿವರಾತ್ರಿಯ ಜಾತ್ರೆಯ ದಿನ ಅಂಗಡಿಯ ಪೂಜೆಗೆಂದು ಅದನ್ನು ಬೆಂಚಿನ ಮೇಲೆ ತಂದಿಟ್ಟಿದ್ದಳು. ಪರವೂರ ಗೃಹಸ್ಥರೊಬ್ಬರು ಬಂದವರು ಬೇರೆ ಯಾವುದನ್ನೂ ನೋಡದೆ ಅದನ್ನೇ ಎತ್ತಿಕೊಂಡು, ಎರಡು ಸಾವಿರ ರೂಪಾಯಿ ಕೊಡುತ್ತೇನೆ ಎಂದರು. ನಮ್ಮ ಅಂಗಡಿಯ ಮಟ್ಟಿಗೆ ಅದು ಒಂದು ವಾರದ ವ್ಯಾಪಾರ. ತಾಯಿ ಅವರಿಗೆ ಹೇಳಿದ ಮಾತು ನನಗೆ ಇನ್ನೂ ಕಿವಿಯಲ್ಲಿದೆ: “ನನ್ನ ಮಗ ಬಿ.ಎ. ಓದುತ್ತಾನೆ. ಅವನನ್ನು ಕೇಳಿ ಹೇಳುತ್ತೇನೆ.” ಅನಂತರ ನನ್ನ ಕಡೆ ತಿರುಗಿ, “ಹೇಳು ತಮ್ಮಾ, ಇದು ಯಾವುದರ ಚಿಪ್ಪು? ಎಷ್ಟು ಬಾಳುತ್ತದೆ?” ಎಂದಳು.

ನಾನು ಪಾಂಡಿತ್ಯದ ಧಾಟಿಯಲ್ಲಿ, “ಇದು ಮುತ್ತಿನ ಸಿಂಪಿಯ ಜಾತಿ. ಮೇಲಿನ ಅರ್ಧ ಒಡೆದುಹೋಗಿದೆ. ಆದ್ದರಿಂದ ಬೆಲೆ ಕಡಿಮೆ” ಎಂದೆ. ಆ ಗೃಹಸ್ಥರು ನಕ್ಕರು. ಅವರ ನಗೆಯಲ್ಲಿ ಕುಹಕವಿರಲಿಲ್ಲ. ಅದೇ ನನಗೆ ಹೆಚ್ಚು ನಾಟಿತು. “ಇದಕ್ಕೆ ಮೇಲಿನ ಅರ್ಧ ಎಂಬುದೇ ಇಲ್ಲವಪ್ಪ. ಮತ್ತೊಮ್ಮೆ ಬಂದಾಗ ಕೇಳುತ್ತೇನೆ, ಯೋಚಿಸಿರಿ” ಎಂದು ಹೇಳಿ ಹೊರಟುಹೋದರು.

ನಮ್ಮದು ಕಲಾ ಕಾಲೇಜು, ಪ್ರಾಣಿಶಾಸ್ತ್ರದ ವಿಭಾಗವಿಲ್ಲ ಎಂಬ ನೆಪ ನನಗಿತ್ತು. ಆದರೆ ಚಿಪ್ಪಿನ ರಾಶಿಯ ನಡುವೆಯೇ ಬೆಳೆದವನಿಗೆ ಆ ನೆಪ ಒಪ್ಪುವುದೇ? ಅಂದಿನಿಂದ ನಾಲ್ಕಾರು ತಿಂಗಳು, ಪಠ್ಯಪುಸ್ತಕಕ್ಕೆ ಕೊಡಬೇಕಾದ ಹೊತ್ತಿನಲ್ಲಿ ಸ್ವಲ್ಪವನ್ನು ಕದ್ದು, ಈ ಒಂದು ಚಿಪ್ಪನ್ನು ಓದಿದೆ.

ಅದರ ಹೆಸರು ಅಬಲೋನ್. ಶಾಸ್ತ್ರದಲ್ಲಿ ಹ್ಯಾಲಿಯೋಟಿಸ್. ಲಿನೇಯಸನು ೧೭೫೮ರಲ್ಲಿ ಕೊಟ್ಟ ಈ ಹೆಸರಿಗೆ ಕಡಲಿನ ಕಿವಿ ಎಂದೇ ಅರ್ಥವಂತೆ. ಗ್ರೀಕ್ ಭಾಷೆಯ ಗಂಧವೂ ಇಲ್ಲದ ನನ್ನ ತಾಯಿ ಅದೇ ಹೆಸರನ್ನಿಟ್ಟಿದ್ದಳೆಂದು ತಿಳಿದಾಗ ನನಗಾದ ಹೆಮ್ಮೆಯನ್ನು ಇಲ್ಲಿ ಬರೆಯದಿರಲಾರೆ. ಇದು ಸಿಂಪಿಯಂತೆ ಎರಡು ಹೋಳಿನ ಪ್ರಾಣಿಯಲ್ಲ, ಬಸವನಹುಳುವಿನ ಬಳಗದ್ದು. ಚಿಪ್ಪಿನ ಒಂದು ತುದಿಯನ್ನು ನೋಡಿದರೆ ಚಪ್ಪಟೆಯಾದ ಸುರುಳಿ ಕಾಣುತ್ತದೆ. ಬಸವನಹುಳುವಿನ ಗೋಪುರವೇ ಅಲ್ಲಿ ಕುಸಿದು ಕೂತಿರುವುದು. ಪ್ರಾಣಿ ತನ್ನ ಅಗಲವಾದ ಪಾದದಿಂದ ಬಂಡೆಗೆ ಕಚ್ಚಿಕೊಂಡಿರುತ್ತದೆ. ಉಸಿರಾಡಿಸಿದ ನೀರು ಆ ತೂತುಗಳಿಂದ ಹೊರಬೀಳುತ್ತದೆ. ಬೆಳೆದಂತೆ ಅಂಚಿನಲ್ಲಿ ಹೊಸ ತೂತು ಮೂಡುತ್ತದೆ, ಹಿಂದಿನವು ಒಂದೊಂದಾಗಿ ಮುಚ್ಚಿಹೋಗುತ್ತವೆ. ಆದ್ದರಿಂದ ಮುಚ್ಚದೆ ಉಳಿದ ತೂತುಗಳ ಎಣಿಕೆಯೇ ಜಾತಿಯನ್ನು ಗುರುತಿಸಲು ಮೊದಲ ಹಿಡಿಕೆ.

ಲೋಕದಲ್ಲಿ ಐವತ್ತಕ್ಕೂ ಹೆಚ್ಚು ಜಾತಿಯ ಕಿವಿಚಿಪ್ಪುಗಳಿವೆ. ಕ್ಯಾಲಿಫೋರ್ನಿಯದ ಕೆಂಪು ಅಬಲೋನಿಗೆ ಸಾಮಾನ್ಯವಾಗಿ ತೆರೆದ ತೂತು ೩ ಅಥವಾ ೪. ಹಸುರು ಅಬಲೋನಿಗೆ ೫ರಿಂದ ೭. ಕಪ್ಪು ಅಬಲೋನಿಗೆ ೫ರಿಂದ ೯. ಕೆಂಪಿನದು ಎಲ್ಲಕ್ಕಿಂತ ದೊಡ್ಡದು. ೧೨ ಅಂಗುಲದವರೆಗೂ ಬೆಳೆದದ್ದುಂಟು. ಹೊರಮೈ ಇಟ್ಟಿಗೆಯ ಕೆಂಪು. ಅದು ತಿನ್ನುವ ಕೆಂಪು ಪಾಚಿಯಿಂದ ಬರುವ ಬಣ್ಣ. ಕತ್ತೆಕಿವಿಯೆಂದು ಶಾಸ್ತ್ರದಲ್ಲಿ ಹೆಸರಾದ ಇನ್ನೊಂದಿದೆ, ಹ್ಯಾಲಿಯೋಟಿಸ್ ಅಸಿನಿನ. ನೀಳ, ತೆಳು, ನುಣುಪು. ನಮ್ಮ ದೇಶದ ಮನ್ನಾರ್ ಕೊಲ್ಲಿಯ ಬಂಡೆಗಳಲ್ಲಿ ಹ್ಯಾಲಿಯೋಟಿಸ್ ವೇರಿಯ ಎಂಬ ಚಿಕ್ಕ ಜಾತಿಯೊಂದಿದೆ. ನಮ್ಮ ಮೂಟೆಯ ತಳದಲ್ಲಿ ಕಡಲೆಪುರಿಯಂತೆ ಉದುರಿಬಿದ್ದಿದ್ದ ಪುಟ್ಟ ಕಿವಿಗಳು ಅವೇ. ಇಷ್ಟು ವರ್ಷ ಅವುಗಳನ್ನು ನಾವು ಒಡಕು ಚಿಪ್ಪೆಂದು ಎಸೆಯುತ್ತಿದ್ದೆವು! ದೇವರ ಗೂಡಿನಲ್ಲಿರುವುದು ಹ್ಯಾಲಿಯೋಟಿಸ್ ಐರಿಸ್. ಆ ದೇಶದ ಮಾವೋರಿ ಜನರ ಮಾತಿನಲ್ಲಿ ಪಾವಾ. ನ್ಯೂಜಿಲೆಂಡನ್ನು ಬಿಟ್ಟರೆ ಬೇರೆಲ್ಲಿಯೂ ಅದು ಹುಟ್ಟುವುದಿಲ್ಲ. ಮಾವೋರಿಗಳು ಮರದಲ್ಲಿ ಕೆತ್ತಿದ ಮೂರ್ತಿಗಳಿಗೆ ಕಣ್ಣಾಗಿ ಕೂರಿಸುವುದು ಇದರ ತುಣುಕನ್ನೇ. ಕಾಡಿಗೆಯಂಥ ಗೆರೆಯೂ, ದಟ್ಟ ನೀಲಿಯೂ ಅದರ ಗುರುತು. ಕೆಂಪು ಅಬಲೋನಿನ ಒಳಮೈ ಇದಕ್ಕಿಂತ ಬಿಳುಪು.

ಈ ಬಣ್ಣದ ವಿಷಯ ಒಂದಿಷ್ಟು ಹೇಳಬೇಕು. ಅದು ಬಣ್ಣವೇ ಅಲ್ಲ. ಸುಣ್ಣದ ಹಲ್ಲೆಗಳು, ಒಂದೊಂದೂ ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಪಾಲಿನಷ್ಟು ತೆಳ್ಳಗಿನವು, ಇಟ್ಟಿಗೆಯ ಗೋಡೆಯಂತೆ ಪದರ ಪದರವಾಗಿ ಜೋಡಣೆಗೊಂಡಿವೆ. ನಡುವಿನ ಗಾರೆ ಒಂದು ಬಗೆಯ ಪ್ರೋಟೀನು. ಬೆಳಕು ಈ ಪದರಗಳಿಂದ ಹಿಮ್ಮರಳುವಾಗ ಒಂದು ಅಲೆ ಇನ್ನೊಂದರ ಮೇಲೆ ಬಿದ್ದು ಕೆಲವು ಬಣ್ಣ ಬಲಗೊಳ್ಳುತ್ತವೆ, ಕೆಲವು ಅಳಿಯುತ್ತವೆ. ಓರೆ ಮಾಡಿದರೆ ಹಸುರು ನೀಲಿಯಾಗುವುದು ಅದರಿಂದ. ಇದನ್ನು ತಿಳಿಯಲು ನಾವು ಕಡಲಾಚೆ ಹೋಗಬೇಕಾಗಿಲ್ಲ. ಸಿ. ವಿ. ರಾಮನ್ ಅವರು ಬೆಂಗಳೂರಿನಲ್ಲಿದ್ದುಕೊಂಡೇ, ೧೯೩೪ರಲ್ಲಿ ತಾವೇ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ೧೯೩೫ರಲ್ಲಿ ಮಿರುಗುವ ಚಿಪ್ಪುಗಳನ್ನು ಕುರಿತು ಲೇಖನಗಳನ್ನು ಬರೆದರು. ನೊಬೆಲ್ ಬಹುಮಾನ ಬಂದ ಐದು ವರ್ಷಕ್ಕೆ ಆ ಮಹನೀಯರು ಕೈಯಲ್ಲಿ ಚಿಪ್ಪು ಹಿಡಿದು ಕೂತಿದ್ದರೆಂಬುದು, ಚಿಪ್ಪು ಮಾರುವವರ ಮಗನಾದ ನನಗೆ ಎಷ್ಟು ದೊಡ್ಡ ಸಮಾಧಾನವೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು.

ಇನ್ನು ಬೆಲೆ. ಆಡಂ ಸ್ಮಿತ್ ೧೭೭೬ರಲ್ಲಿ ನೀರು, ವಜ್ರಗಳ ಒಗಟನ್ನು ಮುಂದಿಟ್ಟನೆಂದು ಅರ್ಥಶಾಸ್ತ್ರದ ತರಗತಿಯಲ್ಲಿ ಬರೆದುಕೊಂಡಿದ್ದೇನೆ. ಅದರಿಂದ ತಾಯಿಯ ಪ್ರಶ್ನೆಗೆ ಉತ್ತರ ದೊರೆಯಲಿಲ್ಲ. ಚಿಪ್ಪಿನ ಬೆಲೆಯನ್ನು ಕಟ್ಟುವವರು ಎರಡು ತೆರ. ಅಲಂಕಾರಕ್ಕೆ ಕೊಳ್ಳುವವರಿಗೆ ಹೊಳಪು ಬೇಕು. ಅವರಿಗಾಗಿ ಹೊರಮೈಯ ಒರಟು ಪದರವನ್ನು ಸಾಣೆಯಲ್ಲಿ ತೇಯ್ದು ತೆಗೆದಿರುತ್ತಾರೆ. (ಆ ಧೂಳು ಶ್ವಾಸಕೋಶಕ್ಕೆ ಕೇಡು, ನೀರು ಬಿಟ್ಟುಕೊಂಡೇ ತೇಯಬೇಕು. ನಮ್ಮ ಓಣಿಯಲ್ಲಿ ಒಣಗಲಾಗಿ ಉಜ್ಜುವವರನ್ನು ಕಂಡಿದ್ದೇನೆ, ಹೇಳಿಯೂ ಇದ್ದೇನೆ.) ಸಂಗ್ರಹಕಾರರ ರೀತಿ ಇದಕ್ಕೆ ವಿರುದ್ಧ. ಅವರಿಗೆ ತೇಯದ, ಬಣ್ಣ ಹಚ್ಚದ, ಅಂಚು ಮುರಿಯದ, ಹುಳು ಕೊರೆಯದ ಚಿಪ್ಪು ಬೇಕು. ಜೊತೆಗೆ ಅದು ಯಾವ ತೀರದಲ್ಲಿ, ಯಾವಾಗ ದೊರೆಯಿತೆಂಬ ಚೀಟಿ ಬೇಕು. ಅತಿ ಸುಂದರವಾದ ಚಿಪ್ಪು ಚೀಟಿಯಿಲ್ಲದೆ ಅನಾಥ. ಇವೆರಡಕ್ಕೂ ಮೇಲೆ, ಆ ಜಾತಿ ಅಪರೂಪವೇ ಸಾಮಾನ್ಯವೇ ಎಂಬ ಪ್ರಶ್ನೆ. ಚೀನ ಮೊದಲಾದ ದೇಶಗಳಲ್ಲಿ ಅಬಲೋನನ್ನು ಆಹಾರಕ್ಕಾಗಿ ಸಾಕುತ್ತಾರೆ; ಊಟವಾದ ಮೇಲೆ ಉಳಿಯುವ ಚಿಪ್ಪಿಗೆ ಲೆಕ್ಕವೇ ಇಲ್ಲ. ಹೊಳೆಯುವುದೆಲ್ಲ ಬೆಲೆಯುಳ್ಳದ್ದಾಗಬೇಕಾಗಿಲ್ಲ.

ಮೋಸವೂ ಉಂಟು. ಪ್ಲಾಸ್ಟಿಕ್ಕಿನ ಮೇಲೆ ಮಿರುಗುವ ಹಾಳೆ ಅಂಟಿಸಿ ಮಾರುವುದುಂಟು. ಓರೆ ಮಾಡಿ ನೋಡಿದರೆ ಅದರ ಬಣ್ಣ ಒಂದೇ ಹದದಲ್ಲಿ ಬದಲಾಗುತ್ತದೆ, ಕೆನ್ನೆಗೆ ಸೋಕಿಸಿದರೆ ಚಿಪ್ಪಿನ ತಣ್ಪು ಇರುವುದಿಲ್ಲ. ಬಣ್ಣದಲ್ಲಿ ಅದ್ದಿದ ಚಿಪ್ಪಾದರೆ ಬಿರುಕುಗಳಲ್ಲಿ, ತೂತಿನ ಸುತ್ತ, ಬಣ್ಣ ಗಟ್ಟಿಯಾಗಿ ನಿಂತಿರುತ್ತದೆ. ಇನ್ನೊಂದು ಉಪಾಯ ಎಣ್ಣೆ. ಮಂಕಾದ ಚಿಪ್ಪಿಗೆ ಎಣ್ಣೆ ಸವರಿದರೆ ಎರಡು ದಿನ ಮಿಂಚುತ್ತದೆ. ಅನ್ಯರ ಮೋಸವನ್ನು ಹೇಳಿ ನಮ್ಮದನ್ನು ಮುಚ್ಚಿಡಲಾರೆ: ಪ್ರತಿ ಶನಿವಾರ ಸಂಜೆ ಕೊಬ್ಬರಿ ಎಣ್ಣೆಯ ಬಟ್ಟಲು ಹಿಡಿದು ಆ ಕೆಲಸ ಮಾಡುತ್ತಿದ್ದವನು ನಾನೇ.

ಹಾಸ್ಟೆಲಿನ ಗೆಳೆಯರೊಡನೆ ಈ ಮಾತು ಬಂದಾಗ ಒಬ್ಬನೆಂದ: “ಕೊಳ್ಳುವವನ ಕಣ್ಣಿಗೆ ಚೆಂದ ಕಂಡಿತು, ಮಾರುವವಳಿಗೆ ದುಡ್ಡು ಬಂತು. ಹೆಸರು ಕಟ್ಟಿಕೊಂಡು ಏನಾಗಬೇಕು?” ಇದು ಬಹಳ ಜನರ ಅಭಿಪ್ರಾಯ. ನಾನು ಇದನ್ನು ಒಪ್ಪುವುದಿಲ್ಲ. ಕೊಳ್ಳುವವನ ಮೇಲಿನ ಕನಿಕರದಿಂದಲ್ಲ, ಮಾರುವವಳ ಪಕ್ಷ ವಹಿಸಿ. ಮೂಟೆ ಕಳಿಸುವ ದೊಡ್ಡ ವ್ಯಾಪಾರಿಗೆ ಒಂದೊಂದು ಚಿಪ್ಪಿನ ಹೆಸರೂ ಗೊತ್ತು. ಬೆಲೆಯುಳ್ಳದ್ದನ್ನು ಆತ ಮೊದಲೇ ಆರಿಸಿಕೊಂಡು, ಉಳಿದದ್ದನ್ನು ನನ್ನ ತಾಯಿಗೆ ತೂಕದ ಲೆಕ್ಕದಲ್ಲಿ ಹಾಕುತ್ತಾನೆ. ಕೊನೆಯಲ್ಲಿ ಕೊಳ್ಳುವ ಪರವೂರಿನವರಲ್ಲಿಯೂ ಕೆಲವರಿಗೆ ಹೆಸರು ಗೊತ್ತು. ಈ ಸರಪಣಿಯಲ್ಲಿ ಹೆಸರು ತಿಳಿಯದವರು ಬಿಸಿಲಲ್ಲಿ ಬೆಂಚಿನ ಹಿಂದೆ ಕೂತವರು ಮಾತ್ರ. ಕವಡೆ ಕಾಸಿನ ಕಿಮ್ಮತ್ತಿಲ್ಲ ಎಂಬ ಮಾತನ್ನು ನಾವು ಸಸಾರದಿಂದ ಆಡುತ್ತೇವೆ. ಮಾಲ್ಡೀವ್ಸ್‌ನಿಂದ ಬಂದ ಕವಡೆ ಈ ದೇಶದಲ್ಲಿ ನಾಣ್ಯವಾಗಿ ನಡೆದ ಕಾಲದಲ್ಲಿಯೂ ಲಾಭ ಮಾಡಿಕೊಂಡವನು ಎಣಿಸಬಲ್ಲವನೇ ಆಗಿದ್ದಿರಬೇಕು.

ಹೆಸರಿನ ಇನ್ನೊಂದು ಪ್ರಯೋಜನ ನಮಗೆ ಕಹಿಯಾಗಿಯೇ ತಿಳಿಯಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಗೆ ೨೦೦೧ರಲ್ಲಿ ಕೆಲವು ಚಿಪ್ಪುಪ್ರಾಣಿಗಳನ್ನು ಸೇರಿಸಿದರು. ನಾಟಿಲಸ್, ಕೊಂಬಿನ ಹೆಲ್ಮೆಟ್ ಚಿಪ್ಪು, ತುತ್ತೂರಿ ಟ್ರೈಟನ್ ಅದರಲ್ಲಿವೆ. ಆ ಪಟ್ಟಿಯ ಚಿತ್ರಗಳನ್ನು ನೋಡುತ್ತಿದ್ದವನಿಗೆ ಎದೆ ಧಸಕ್ಕೆಂದಿತು. ನಮ್ಮ ಹಿಂದಿನ ಬೆಂಚಿನ ಮೇಲೆ ಎರಡು ನಾಟಿಲಸ್ ಚಿಪ್ಪುಗಳಿದ್ದವು. ಹುಲಿಯ ಉಗುರನ್ನು ಮಾರಬಾರದೆಂದು ನಮ್ಮೂರ ಹುಡುಗರಿಗೂ ಗೊತ್ತು. ಚಿಪ್ಪಿಗೂ ಕಾನೂನು ಉಂಟೆಂದು ಯಾರು ಬಲ್ಲರು? ತಾಯಿಗೆ ಹೇಳಿದೆ. ಮೊದಲು ನಂಬಲಿಲ್ಲ. ಅನಂತರ ಸಿಟ್ಟು ಬಂತು. “ಅದನ್ನು ದುಡ್ಡು ಕೊಟ್ಟು ತಂದಿದ್ದೇನೆ. ಅವೆರಡು ಹೋದರೆ ನಿನ್ನ ಪರೀಕ್ಷೆಯ ಫೀಸು. ಓದಿಸಿದ್ದು ಇದಕ್ಕೇನೋ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಮೂರು ದಿನ ಅವು ಮಂಚದ ಕೆಳಗಿದ್ದವು, ನಮ್ಮಿಬ್ಬರಿಗೂ ಸರಿಯಾಗಿ ಮಾತಿರಲಿಲ್ಲ. ನಾಲ್ಕನೆಯ ದಿನ ತಾಯಿಯೇ ಅವನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. ಅರಣ್ಯ ಇಲಾಖೆಯ ಕಚೇರಿಗೆ ಒಯ್ದೊಪ್ಪಿಸಿ ಬಂದೆ. ಫೀಸಿಗೆ ಸಾಲವಾಯಿತು. ಆ ಸಾಲ ಇನ್ನೂ ತೀರಿಲ್ಲ.

ಹಾಗಾದರೆ ಚಿಪ್ಪು ಮಾರುವುದೇ ಪಾಪವೆನ್ನೋಣವೇ? ಹೀಗೆನ್ನುವವರೂ ನಮ್ಮ ತರಗತಿಯಲ್ಲಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆ. ಕ್ಯಾಲಿಫೋರ್ನಿಯದಲ್ಲಿ ಹೇರಳವಾಗಿದ್ದ ಅಬಲೋನು, ಮಿತಿಮೀರಿದ ಹಿಡಿತದಿಂದಲೂ ರೋಗದಿಂದಲೂ ಕುಸಿದು, ೧೯೯೭ರಲ್ಲಿ ಅಲ್ಲಿ ವ್ಯಾಪಾರಕ್ಕಾಗಿ ಹಿಡಿಯುವುದನ್ನು ನಿಲ್ಲಿಸಬೇಕಾಯಿತು. ೨೦೦೧ರಲ್ಲಿ ಬಿಳಿ ಅಬಲೋನು ಅಳಿವಿನಂಚಿನ ಪ್ರಾಣಿಯೆಂದು ಅಮೆರಿಕದ ಪಟ್ಟಿಗೆ ಸೇರಿತು. ೨೦೧೮ರಲ್ಲಿ ವಿನೋದಕ್ಕಾಗಿ ಕೆಂಪು ಅಬಲೋನನ್ನು ಹಿಡಿಯುವುದೂ ನಿಂತಿತು. ಆದರೆ ನ್ಯೂಜಿಲೆಂಡಿನವರನ್ನು ನೋಡಿ. ಪಾವಾ ೧೨೫ ಮಿಲಿಮೀಟರಿಗಿಂತ ಚಿಕ್ಕದಾದರೆ ಬಹುಪಾಲು ಕಡೆ ಮುಟ್ಟುವಂತಿಲ್ಲ. ೨೦೧೬ರ ನವೆಂಬರಿನ ಭೂಕಂಪದಲ್ಲಿ ಕೈಕೌರ ಎಂಬಲ್ಲಿ ಕಡಲತಳವೇ ಮೇಲೆದ್ದು ಪಾವಾಗಳು ಬಿಸಿಲಿಗೆ ಬಿದ್ದು ಸತ್ತವು. ಆ ತೀರದಲ್ಲಿ ಹಿಡಿಯುವುದನ್ನೇ ನಿಲ್ಲಿಸಿ, ೨೦೨೧ರ ಡಿಸೆಂಬರಿನಲ್ಲಿ ಮಾತ್ರ, ಅದೂ ಕೆಲವೇ ತಿಂಗಳ ಮಟ್ಟಿಗೆ, ಮತ್ತೆ ತೆರೆದರು. ಹಿಡಿಯುವವರೇ ಜಾತಿ ಬಲ್ಲರು, ಅಳತೆ ಬಲ್ಲರು. ಹೆಸರು ತಿಳಿಯದ ಊರಿನಲ್ಲಿ ಇಂಥ ಕಟ್ಟಳೆ ನಡೆಯುವುದು ಹೇಗೆ? ತಿಂದುಳಿದ ಚಿಪ್ಪನ್ನು, ಸಾಕಿದ ಚಿಪ್ಪನ್ನು, ಅದರ ಹೆಸರೂ ಊರೂ ಹೇಳಿ ಮಾರಿದರೆ ತಪ್ಪಿಲ್ಲ. ಹೆಸರು ಹೇಳಲಾರದ್ದನ್ನು ಬೆಂಚಿಗೆ ಏರಿಸಬಾರದು ಎಂಬುದು ನನ್ನ ನಿಲುವು.

ಗುರುಗಳಲ್ಲಿ ಒಂದು ಬಿನ್ನಹವಿದೆ. ನಮ್ಮ ಕಾಲೇಜು ಕಡಲ ಜಿಲ್ಲೆಯದು. ಗ್ರಂಥಾಲಯದ ಮೂಲೆಯಲ್ಲಿ ಹಳೆಯ ಟ್ರೋಫಿಗಳನ್ನಿಟ್ಟ ಗಾಜಿನ ಕಪಾಟೊಂದಿದೆ. ಅದರ ಒಂದೇ ಒಂದು ಅರೆಯನ್ನು ಚಿಪ್ಪುಗಳಿಗೆ ಬಿಟ್ಟುಕೊಡಬಾರದೇ? ಮೀನುಗಾರರ ಮಕ್ಕಳು, ಸುಣ್ಣದ ಭಟ್ಟಿಯವರ ಮಕ್ಕಳು ನಮ್ಮಲ್ಲಿ ಎಷ್ಟೋ ಮಂದಿ. ಒಬ್ಬೊಬ್ಬರು ಒಂದೊಂದು ತಂದು, ಸತ್ತು ದಡಕ್ಕೆ ಬಿದ್ದದ್ದನ್ನು ಮಾತ್ರ ತಂದು, ದೊರೆತ ಜಾಗ, ದಿನ, ಮನೆಯಲ್ಲಿ ಕರೆಯುವ ಹೆಸರು ಬರೆದ ಚೀಟಿಯೊಡನೆ ಇಟ್ಟರೆ, ಬಿ.ಎ. ಓದಿದವನು ಕಿವಿಚಿಪ್ಪನ್ನು ಸಿಂಪಿಯೆನ್ನುವ ದುರವಸ್ಥೆ ಮುಂದಿನವರಿಗೆ ಬರಲಾರದು. ನಮ್ಮ ಇತಿಹಾಸದ ಅಧ್ಯಾಪಕರಿಗೂ ಇದರಲ್ಲಿ ಆಸಕ್ತಿಯಿರಬಹುದು. ದಕ್ಷಿಣ ಆಫ್ರಿಕದ ಬ್ಲೋಂಬೋಸ್ ಗುಹೆಯಲ್ಲಿ ೨೦೦೮ರಲ್ಲಿ ಎರಡು ಅಬಲೋನ್ ಚಿಪ್ಪುಗಳು ದೊರೆತವು. ೨೦೧೧ರಲ್ಲಿ ಅದರ ವರದಿ ಹೊರಬಂತು. ಸುಮಾರು ಒಂದು ಲಕ್ಷ ವರ್ಷಗಳ ಹಿಂದೆ ಯಾರೋ ಕೆಂಪು ಕಾವಿಕಲ್ಲನ್ನು ಅರೆದು, ಇದ್ದಿಲನ್ನೂ ಎಲುಬಿನ ಪುಡಿಯನ್ನೂ ಬೆರೆಸಿ, ಆ ಚಿಪ್ಪುಗಳಲ್ಲಿ ತುಂಬಿಟ್ಟಿದ್ದರಂತೆ. ಇದನ್ನು ತಾಯಿಗೆ ಓದಿ ಹೇಳಿದೆ. ಕುಂಕುಮದ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತ, “ತೂತಿಗೆ ಏನು ಮೆತ್ತಿದ್ದರಂತೆ?” ಎಂದು ಕೇಳಿದಳು.

ಅವಳ ಮೊದಲ ಪ್ರಶ್ನೆಗೂ ಈಗ ಉತ್ತರ ಕೊಟ್ಟಿದ್ದೇನೆ. ಇದು ಪಾವಾ, ಅದರ ದೇಶದಲ್ಲಿ ಅಪರೂಪವಲ್ಲ, ಹೊರಪದರ ತೇಯ್ದಿದೆ, ತೂತಿಗೆ ಮೇಣ, ಒಳಗೆ ಕುಂಕುಮದ ಕಲೆ, ಚೀಟಿಯಿಲ್ಲ. ಸಂಗ್ರಹಕಾರರು ಕೈಚೆಲ್ಲಿಯಾರು. ಎರಡು ಸಾವಿರ ಹೆಚ್ಚಾಯಿತು. ತಾಯಿ ಸ್ವಲ್ಪ ಹೊತ್ತು ಯೋಚಿಸಿ, “ಆ ಯಜಮಾನರು ಮತ್ತೆ ಬಂದರೆ ಇಷ್ಟನ್ನೂ ಅವರಿಗೆ ಹೇಳು” ಎಂದಳು. ಸಾಲದ ನೆನಪು ನನಗಿತ್ತು, ಅವಳಿಗೂ ಇದ್ದಿರಬೇಕು. ಅವರು ಇನ್ನೂ ಬಂದಿಲ್ಲ.

ಎಣ್ಣೆ ಹಚ್ಚುವುದನ್ನು ನಿಲ್ಲಿಸಿದ್ದೇವೆ. ಅಂಗಡಿಯ ತಟ್ಟೆಗಳಿಗೆ ಹೆಸರೂ ಊರೂ ಬರೆದ ರಟ್ಟಿನ ಚೀಟಿ ಹಾಕಿದ್ದೇನೆ. ಮೂರು ಬಗೆಯವು ಕಾಯಿದೆಯ ಪಟ್ಟಿಯಲ್ಲಿಲ್ಲವೆಂಬುದು ಖಚಿತವಾದರೂ ಅವುಗಳ ಹೆಸರು ಸಿಕ್ಕಿಲ್ಲ. ನನ್ನ ನಿಲುವಿನಂತೆ ಅವನ್ನು ಬೆಂಚಿನಿಂದ ಇಳಿಸಹೊರಟಾಗ ತಾಯಿ ಬಿಡಲಿಲ್ಲ. ಕೊನೆಗೆ ‘ಹೆಸರು ತಿಳಿಯದು’ ಎಂದು ಬರೆದಿಡುವುದೆಂದು ರಾಜಿಯಾಯಿತು. ಹೋದ ಭಾನುವಾರ ಎಲ್ಲಕ್ಕಿಂತ ಹೆಚ್ಚು ಮಾರಾಟವಾದದ್ದು ಆ ಮೂರು ತಟ್ಟೆಗಳಿಂದಲೇ ಎಂದು ತಾಯಿ ನಗುತ್ತಿದ್ದಳು.